ಗೇಜ್ ಮುಳ್ಳು ಕೆಳಗಿತ್ತು, ನಾನು ‘ಸರಿ’ ಅಂತ ಬರೆದೆ

ಬಳ್ಳಾರಿಯಲ್ಲಿ ದೊಡ್ಡ ಕಟ್ಟಡಗಳ ಎಸಿ ನೋಡಿಕೊಳ್ಳುವುದು ನನ್ನ ಕೆಲಸ. ಬೇಸಿಗೆಯಲ್ಲಿ ಟೆರೇಸ್ ಹತ್ತಿ ಪ್ರೀ-ಫಿಲ್ಟರ್ (ದಪ್ಪ ಧೂಳು ತಡೆಯುವ ಮೊದಲ ಫಿಲ್ಟರ್) ಬಿಚ್ಚಿದರೆ ಕುಂಕುಮ ಮೆತ್ತಿದ ಹಾಗೆ ಕೆಂಪು ಧೂಳು. ಮೊದಮೊದಲು ಅದನ್ನು ಅಲ್ಲೇ ಪ್ಯಾರಾಪೆಟ್‌ಗೆ ಬಡಿದು ಕೊಡವುತ್ತಿದ್ದೆ. ಎಂಥ ದಡ್ಡತನ!

ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲಿ ಗಾಳಿ ಪರೀಕ್ಷೆಗೆ ಇಟ್ಟ ತಟ್ಟೆಗಳಲ್ಲಿ ಮತ್ತೆ ಮತ್ತೆ ಬ್ಯಾಸಿಲಸ್ ಬೆಳೆಯುತ್ತಿತ್ತು. ಫ್ಯೂಮಿಗೇಷನ್ ಮಾಡಿಸಿದರೆ ನಾಲ್ಕು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಅದೇ ಹಾಡು. ಈ ಜಾತಿಯ ಬ್ಯಾಕ್ಟೀರಿಯಾ ಕಷ್ಟ ಬಂದರೆ ಗಟ್ಟಿ ಕವಚ ಕಟ್ಟಿಕೊಂಡು ಸ್ಪೋರ್ ಆಗಿ ಕೂತುಬಿಡುತ್ತದೆ. ಒಣಗಿಸಿದರೂ ಸಾಯದು, ಸ್ಪಿರಿಟ್‌ಗೂ ಜಗ್ಗದು. ಗಾಳಿ ಹೋಗುವ ಡಕ್ಟ್‌ನಲ್ಲಿ ಯುವಿ ದೀಪ ಹಾಕೋಣ ಅಂದೆ. ಆದರೆ ಗಾಳಿ ಸರ್ರನೆ ಹೋಗುವಾಗ ಸ್ಪೋರ್ ಸಾಯುವಷ್ಟು ಹೊತ್ತು ಬೆಳಕಲ್ಲಿ ನಿಲ್ಲಬೇಕಲ್ವಾ? ಅದನ್ನು ಕೊಲ್ಲುವುದಕ್ಕಿಂತ ಹಿಡಿಯುವುದೇ ಸುಲಭ. ಸ್ಪೋರ್ ಹೆಚ್ಚುಕಮ್ಮಿ 1 ಮೈಕ್ರಾನ್ ದಪ್ಪ. ಥಿಯೇಟರ್‌ಗೆ ಹೋಗುವ ಗಾಳಿಯನ್ನು ಕೊನೆಗೆ ಸೋಸುವ ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣವನ್ನೇ ಶೇ. 99.97ರಷ್ಟು ಹಿಡಿಯುತ್ತದೆ. ಮತ್ತೆ ಒಳಗೆ ಬರುತ್ತಿರುವುದು ಹೇಗೆ?

ನಮ್ಮ ಹಿರಿಯ ಮೆಕ್ಯಾನಿಕ್ ಲಾಗ್ ಪುಸ್ತಕ ತಿರುವಿ ಹಾಕಿದರು. ಫಿಲ್ಟರ್‌ನ ಆಚೆ-ಈಚೆ ಗಾಳಿಯ ಒತ್ತಡದಲ್ಲಿ ಎಷ್ಟು ವ್ಯತ್ಯಾಸ ಅಂತ ಗೇಜ್ ತೋರಿಸುತ್ತದೆ. ಹೆಪಾ ಹಾಕಿದ ದಿನ ಅದು 130 ಪಾಸ್ಕಲ್. ಎಂಟು ತಿಂಗಳ ಮೇಲೆ 90. ಪಕ್ಕದಲ್ಲಿ ನನ್ನದೇ ಅಕ್ಷರ: ‘ಸರಿ’.

“ಏನ್ ತಮ್ಮಾ, ಧೂಳು ಕುಡಿದ ಫಿಲ್ಟರ್‌ಗೆ ಅಂಕಿ ಏರಬೇಕಾ, ಇಳೀಬೇಕಾ?”

ನಾನು ಸುಮ್ಮನಾದೆ. ಮುಳ್ಳು ಕೆಳಗಿದ್ದರೆ ಫಿಲ್ಟರ್ ಕ್ಲೀನ್ ಇದೆ ಅಂದುಕೊಂಡಿದ್ದೆ! ಧೂಳು ಕೂತಷ್ಟೂ ಗಾಳಿಗೆ ಅಡ್ಡಿ ಹೆಚ್ಚಿ ಅಂಕಿ ಏರಬೇಕಿತ್ತು.

ಬ್ಲೋವರ್ ಬೆಲ್ಟ್ ಸಡಿಲವಾದರೂ, ಪ್ರೀ-ಫಿಲ್ಟರ್ ಕಟ್ಟಿದರೂ ಗಾಳಿ ಕಮ್ಮಿಯಾಗಿ ಅಂಕಿ ಇಳಿಯುತ್ತದೆ. ಮೊದಲು ಅವೆರಡನ್ನೂ ನೋಡಿದೆವು, ಸರಿಯಾಗೇ ಇದ್ದವು. ಭಾನುವಾರ ಥಿಯೇಟರ್ ಖಾಲಿ ಇದ್ದಾಗ ಸೀಲಿಂಗ್ ಜಾಲರಿ ಇಳಿಸಿ, ಫಿಲ್ಟರ್ ಕೆಳಗೆ ಒಂದು ಊದುಬತ್ತಿ ಹಿಡಿದರು. ಹೊಗೆ ನೆಟ್ಟಗೆ ಕೆಳಗಿಳಿಯುತ್ತಿತ್ತು. ಫ್ರೇಮಿನ ಅಂಚಿಗೆ ಬಂದದ್ದೇ ತಡ, ಯಾರೋ ಊದಿದ ಹಾಗೆ ಅಡ್ಡಕ್ಕೆ ಹಾರಿತು. ಬಿಚ್ಚಿ ನೋಡಿದರೆ ಒಂದು ಬದಿಯ ಗ್ಯಾಸ್ಕೆಟ್ (ಅಂಚಿನ ಸಂದು ಮುಚ್ಚುವ ಪಟ್ಟಿ) ಮಡಚಿಕೊಂಡು ಚಪ್ಪಟೆಯಾಗಿತ್ತು, ಆ ಜಾಗದಲ್ಲಿ ಕೆಂಪು ಗೆರೆ. ಗಾಳಿಗೇನು, ಸಲೀಸಾದ ದಾರಿ ಸಿಕ್ಕರೆ ಫಿಲ್ಟರ್ ಒಳಗೆ ಯಾಕೆ ನುಗ್ಗುತ್ತದೆ! (ಊದುಬತ್ತಿ ಜಾಗ ತೋರಿಸುತ್ತದೆ ಅಷ್ಟೇ. ಸೋರಿಕೆ ಪಾಸು-ಫೇಲು ಹೇಳಲು ಏರೋಸಾಲ್ ಅನ್ನುವ ಸಣ್ಣ ಕಣಗಳ ಮಂಜು ಬಿಟ್ಟು ಮೀಟರ್‌ನಲ್ಲೇ ಅಳೆಯಬೇಕು. ಆಮೇಲೆ ಅದನ್ನೂ ಮಾಡಿಸಿದರು.)

ಹಳೆಯ ಫಿಲ್ಟರ್ ತೆಗೆಯುವಾಗ ಬ್ಲೋವರ್ ನಿಲ್ಲಿಸಿ, ಎನ್95 ಹಾಕಿಕೊಂಡು, ಅಲ್ಲಾಡಿಸದೆ ಕವರ್‌ಗೆ ಇಳಿಸಿ ಬಾಯಿ ಕಟ್ಟಿದೆವು. ಹಿಡಿದಿಟ್ಟ ಸ್ಪೋರ್ ಸತ್ತಿರುವುದಿಲ್ಲ, ವರ್ಷಗಟ್ಟಲೆ ಹಾಗೇ ಇರಬಲ್ಲದು. ನನ್ನ ಪ್ಯಾರಾಪೆಟ್ ಬಡಿತ ಅಲ್ಲಿಗೆ ನಿಂತಿತು.

ಹೊಸ ಫಿಲ್ಟರ್, ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಮುಳ್ಳು 130ಕ್ಕೆ ಬಂತು. ಈಗ ಲಾಗ್ ಪುಸ್ತಕದಲ್ಲಿ ‘ಸರಿ’ ಕಾಲಂ ಇಲ್ಲ. ಅಲ್ಲಿ ಹಾಕಿದ ದಿನದ ಅಂಕಿ, ಹೋದ ತಿಂಗಳದ್ದು, ಇವತ್ತಿನದು, ಮೂರನ್ನೂ ಒಂದೇ ಸಾಲಲ್ಲಿ ಬರೆಯುತ್ತೇವೆ.