ಮೂರಂಗಳದ ಮುಖಂಡ: ನಮ್ಮ ನಾಟಕ ಎಲ್ಲಿಗೆ ಬಂತು

ನವೆಂಬರ್

ಕತೆ ಈಗ ಕೈಗೆ ಸಿಕ್ಕಿದೆ. ಒಂದು ವಾರ್ಡು, ಮೂರು ಮನೆ, ಒಂದು ಸುರಂಗ.

ಕಾಸರಗೋಡಿನವರಿಗೆ ಸುರಂಗ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಗುಡ್ಡದ ಮುರಕಲ್ಲನ್ನು ಒಬ್ಬ ಆಳು ಬಗ್ಗಿ ಹೋಗುವಷ್ಟು ಜಾಗಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬೇಸಿಗೆಯಲ್ಲಿ ಹರಿವು ಸಣ್ಣದಾಗುತ್ತದೆ, ಜಗಳ ದೊಡ್ಡದಾಗುತ್ತದೆ.

ನಮ್ಮ ಮುಖಂಡ ಈ ಒಂದೇ ಸುರಂಗದ ನೀರನ್ನು ಮೂರು ಅಂಗಳಕ್ಕೂ ಬರೆದುಕೊಡುತ್ತಾನೆ. ಮೊದಲನೆಯದರಲ್ಲಿ ತುಳು, ಎರಡನೆಯದರಲ್ಲಿ ಮಲಯಾಳಂ, ಮೂರನೆಯದರಲ್ಲಿ ಕನ್ನಡ. ಮೂರು ಕಡೆಯೂ ಹೇಳುವುದು ಇಷ್ಟೇ: "ನಿಮ್ಮ ನೀರನ್ನು ಆಚೆ ಮನೆಯವರು ಕುಡಿಯುತ್ತಿದ್ದಾರೆ. ನಾನು ಬಂದೆನಲ್ಲ, ಇನ್ನು ನೋಡಿ."

ಓಟು ಕೇಳಲು ಬರುವವರು ಅಂಗಳ ನೋಡಿ ಭಾಷೆ ಬದಲಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅದರಲ್ಲಿ ತಪ್ಪೇನೂ ಇಲ್ಲ. ಪೇಟೆಯ ಅಂಗಡಿಯಲ್ಲಿ ನಾವೂ ಹಾಗೇ ಮಾಡುತ್ತೇವೆ, ಅಲ್ವಾ? ಭಾಷೆಯ ಜೊತೆಗೆ ಕೊಟ್ಟ ಮಾತೂ ಬದಲಾದಾಗ ಅಲ್ಲಿ ನಾಟಕ ಹುಟ್ಟುತ್ತದೆ.

ಮುಖಂಡನ ಜೊತೆ ಒಬ್ಬ ಮೈಕಿನವ ಇದ್ದಾನೆ. ಲೆಕ್ಕ ಎಲ್ಲ ಅವನದ್ದು. ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರಲ್ಲಿ ಗೆಲುವಿನ ಅಂತರ ಬರೀ 89 ಓಟು. ಅದನ್ನು ಅವನ ಬಾಯಿಗೆ ಹಾಕಿದ್ದೇವೆ: "ಎಂಬತ್ತೊಂಬತ್ತು ಅಂದರೆ ಇಂಥ ಹದಿನೈದು ಅಂಗಳ, ಅಣ್ಣ. ಚಪ್ಪಲಿ ಬಿಚ್ಚಿಯೇ ಒಳಗೆ ಹೋಗಿ."

ಜನವರಿ

ರಿಹರ್ಸಲ್ ಶಾಲೆಯ ಹಾಲಿನಲ್ಲಿ ನಡೆಯುತ್ತಿದೆ. ಎಲ್ಲರೂ ಕೆಲಸ ಮುಗಿಸಿ ಬರುವವರು. ಅಡಿಕೆ ಸುಲಿಯುವ ಸೀಸನ್ ಬೇರೆ.

ರಂಗಸಜ್ಜಿಕೆ ಒಂದು ಗೂಡ್ಸ್ ಆಟೋದಲ್ಲಿ ಹಿಡಿಯಬೇಕು ಅಂತ ಮೊದಲೇ ಹೇಳಿದ್ದೆ. ಹಾಗಾಗಿ ಪರದೆ ಇಲ್ಲ. ಅಡಿಕೆ ಸಲಕೆ ಕಟ್ಟಿ ಮಾಡಿದ ಮೂರು ಚೌಕಟ್ಟು, ಅವೇ ಮೂರು ಮನೆ. ಸುರಂಗದ ಬಾಯಿಗೆ ಒಂದು ಕಪ್ಪು ಟಾರ್ಪಾಲು. ಅದರೊಳಗಿಂದ ಒಂದು ಹಸಿರು ಪೈಪು ಹೊರಗೆ ಬರುತ್ತದೆ. ಇಡೀ ನಾಟಕ ಈ ಪೈಪಿನ ಮೇಲೆ ನಿಂತಿದೆ. ಮುಖಂಡ ಪ್ರತಿ ಅಂಗಳಕ್ಕೂ ಅದರ ತುದಿಯನ್ನು ಎಳೆದು ತಂದು, ಮನೆಯವರ ಕೈಗೆ ಕೊಟ್ಟು, ಫೋಟೋ ತೆಗೆಸುತ್ತಾನೆ. ಫೋಟೋ ಆದ ಕೂಡಲೇ ಮೈಕಿನವ ಪೈಪನ್ನು ಮೆಲ್ಲಗೆ ಸುತ್ತಿಕೊಂಡು ಮುಂದಿನ ಅಂಗಳಕ್ಕೆ ನಡೆಯುತ್ತಾನೆ. ಅವನು ಸುತ್ತುವ ರೀತಿ ನೋಡಬೇಕು. ಮೊಣಕೈಗೂ ಹೆಬ್ಬೆರಳಿಗೂ ನಡುವೆ, ಹಗ್ಗ ಸುತ್ತಿದ ಹಾಗೆ, ಮನೆಯವರತ್ತ ನಗುತ್ತಲೇ. ಮಾತೇ ಬೇಡ.

ಗಡಿಯ ದೃಶ್ಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಕನ್ನಡದ ಅಂಗಳದಲ್ಲಿ ಮುಖಂಡ "ಗಡಿಯನ್ನೇ ಚಂದ್ರಗಿರಿಗೆ ತರುತ್ತೇನೆ" ಅನ್ನುತ್ತಾನೆ. ಪಕ್ಕದ ಅಂಗಳಕ್ಕೆ ಹೋಗಿ "ಒಂದಿಂಚು ಬಿಡುವುದಿಲ್ಲ" ಅನ್ನುತ್ತಾನೆ. ಓದುವಾಗ ಹುಡುಗರೆಲ್ಲ ನಕ್ಕರು. ಹಿರಿಯ ನಟರೊಬ್ಬರು ನಗಲಿಲ್ಲ. "ಮಾಷ್ಟ್ರೇ, ಇದರಲ್ಲಿ ನಗುವಂಥದ್ದು ಏನುಂಟು?" ಅಂತ ಕೇಳಿದರು. ಅವರ ಮಾತು ನ್ಯಾಯವೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿತು. ಅದು ವರದಿಯಾಗಿಯೇ ಉಳಿಯಿತು. ಆ ನೋವಿನಲ್ಲೇ ಬೆಳೆದವರು ನಮ್ಮ ಎದುರಿಗೆ ಕೂತಿರುತ್ತಾರೆ. ಅವರನ್ನು ನೋಡಿ ನಗುವ ನಾಟಕ ನನಗೆ ಬೇಡ. ಅವರ ನೋವನ್ನು ಅಂಗಳಕ್ಕೊಂದು ರೇಟು ಕಟ್ಟಿ ಮಾರುವವನನ್ನು ನೋಡಿ ನಗಬೇಕು. ಈಗ ಆ ದೃಶ್ಯದಲ್ಲಿ ಕನ್ನಡದ ಮನೆಯ ಅಜ್ಜ ಒಂದೇ ಮಾತು ಹೇಳುತ್ತಾರೆ: "ಅದು ಸರಿ. ನೀನು ಆಚೆ ಅಂಗಳದಲ್ಲೂ ಇದನ್ನೇ ಹೇಳಿ ಬಾ, ನಾನು ಇಲ್ಲಿಂದ ಕೇಳಿಸಿಕೊಳ್ಳುತ್ತೇನೆ." ಈ ಮಾತನ್ನು ಆ ಹಿರಿಯರಿಗೇ ಕೊಟ್ಟಿದ್ದೇವೆ.

ಎಂಡೋಸಲ್ಫಾನ್ ಕೀಟನಾಶಕದ ವಿಷಯವನ್ನು ಭಾಷಣದಲ್ಲಿ ಸೇರಿಸೋಣ ಅಂತ ಒಬ್ಬ ಹುಡುಗ ಹೇಳಿದ. ಬೇಡ ಅಂದೆ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದ ಊರುಗಳು ಇವು. ಪಡ್ರೆಯ ಕಡೆ ನಾಟಕ ಆಡುವಾಗ ಎದುರಿಗೆ ಕೂತಿರುವವರು ಆ ವಿಷದಿಂದ ನರಳಿದ ಮನೆಯವರು ಅಂತ ನಮಗೆ ಗೊತ್ತು.

ಫೆಬ್ರವರಿ

ಮೊದಲ ಪ್ರದರ್ಶನ ಬದಿಯಡ್ಕದ ಹತ್ತಿರ ಒಂದು ಗ್ರಂಥಾಲಯದ ಅಂಗಳದಲ್ಲಿ ಆಯಿತು. ಆಮೇಲೆ ಪೆರ್ಲ, ಪೈವಳಿಕೆ. ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕು. ಯಕ್ಷಗಾನ ಮೇಳಗಳೇ ಕಾಲಮಿತಿಗೆ ಒಗ್ಗಿಕೊಂಡಿವೆ, ನಮ್ಮದೇನು ದೊಡ್ಡದು. ಎಂಟಕ್ಕೆ ಶುರು ಮಾಡಿ ಒಂಬತ್ತೂವರೆಗೆ ಮುಗಿಸುತ್ತೇವೆ.

ಕೊನೆಯ ದೃಶ್ಯ ಗ್ರಾಮಸಭೆ. ಇದನ್ನು ಸುಮ್ನೆ ಆರಿಸಿದ್ದಲ್ಲ. ಕೇರಳದಲ್ಲಿ ವಾರ್ಡಿಗೊಂದು ಗ್ರಾಮಸಭೆ, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮೂರು ಅಂಗಳದವರೂ ಒಂದೇ ಬೆಂಚಿನಲ್ಲಿ ಕೂರುವ ಜಾಗ ಅದೊಂದೇ. ಮುಖಂಡ ಅಲ್ಲಿ ತುಳುವಿನಲ್ಲಿ ಶುರು ಮಾಡುತ್ತಾನೆ, ಎರಡು ಮನೆಯವರು ತಕರಾರು ಎತ್ತಿ ಏಳುತ್ತಾರೆ. ಮಲಯಾಳಕ್ಕೆ ಹಾರುತ್ತಾನೆ, ಉಳಿದೆರಡು ಮನೆಯವರು ಏಳುತ್ತಾರೆ. ಕನ್ನಡಕ್ಕೆ ಬಂದರೂ ಅದೇ ಕತೆ. ಕೊನೆಗೆ ಬಾಯಿ ಮುಚ್ಚಿ, ಎರಡೂ ಕೈ ಜೋಡಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಲ್ಲುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಅಲ್ಲಿಗೆ ನಾಟಕ ಮುಗಿಯುತ್ತಿತ್ತು.

ಪೈವಳಿಕೆಯಲ್ಲಿ ನಮ್ಮ ನಟರು ಚಪ್ಪಾಳೆ ಶುರು ಮಾಡುವ ಮೊದಲೇ ಪ್ರೇಕ್ಷಕರು ತಟ್ಟಿದರು. ಮುಖಂಡನಿಗೇ ತಟ್ಟಿದರು. ಅವನು ಅಷ್ಟು ಚೆನ್ನಾಗಿ ಅಳುತ್ತಾನೆ. ನಮ್ಮ ಹುಡುಗರಿಗೆ ಖುಷಿಯೋ ಖುಷಿ. ನನಗೆ ನಿದ್ದೆ ಬರಲಿಲ್ಲ. ಇಂಥ ರಾಜಕೀಯ ಹೇಗೆ ನಡೆಯುತ್ತದೆ ಅಂತ ತೋರಿಸಲು ಹೊರಟ ನಾಟಕ ಅದು. ಅದೇ ನಮ್ಮ ಅಂಗಳದಲ್ಲೂ ನಡೆದುಹೋಯಿತು.

ಆಟ ಮುಗಿದ ಮೇಲೆ ಚಾ ಕೊಡುತ್ತಿದ್ದ ಕುಡುಂಬಶ್ರೀ ಮಹಿಳಾ ಸ್ವಸಹಾಯ ಸಂಘದ ಅಕ್ಕ ಒಬ್ಬರು ನನ್ನನ್ನು ಕರೆದು ಕೇಳಿದರು: "ಈ ಮೂರು ಮನೆಯವರು ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲವಲ್ಲ, ಯಾಕೆ? ನೀರು ಎಷ್ಟು ಬರುತ್ತದೆ ಅಂತ ಯಾರಾದರೂ ಹೋಗಿ ನೋಡಿದರಾ?"

ಮಾರ್ಚ್

ಅಕ್ಕನ ಪ್ರಶ್ನೆಯಿಂದ ಹೊಸ ದೃಶ್ಯ ಬಂದಿದೆ. ಚಪ್ಪಾಳೆ ನಡೆಯುತ್ತಿರುವಾಗಲೇ ತುಳು ಮನೆಯ ಹೆಂಗಸು ಎದ್ದು, ಕೊಡಪಾನ ತಂದು ಪೈಪಿನ ಕೆಳಗೆ ಇಡುತ್ತಾಳೆ. ನೀರು ತೊಟ್ಟಿಕ್ಕುತ್ತದೆ. ಒಬ್ಬೊಬ್ಬರಾಗಿ ಬಂದು ಇಣುಕುತ್ತಾರೆ. ಕೊಡ ತುಂಬಲು ಎಷ್ಟು ಹೊತ್ತು ಬೇಕು, ಯಾರು ಬೆಳಿಗ್ಗೆ, ಯಾರು ಸಂಜೆ ಅಂತ ಮೂರು ಭಾಷೆಯಲ್ಲಿ ಕಲಸುಮೇಲೋಗರ ಮಾತು. ಹಿಂದೆ ಮುಖಂಡ ಅಳುತ್ತಲೇ ಇದ್ದಾನೆ, ಮೈಕಿನವ ಅವನ ಮುಂದೆ ಮೈಕು ಹಿಡಿದೇ ಇದ್ದಾನೆ. ರಿಹರ್ಸಲಿನಲ್ಲಿ ನೋಡಿದೆ, ಜೀವ ಬಂದಿದೆ. ಅಳುವ ಮುಖಂಡ ಈಗ ಮೊದಲಿಗಿಂತ ಹೆಚ್ಚು ನಗು ತರಿಸುತ್ತಾನೆ, ಯಾರೂ ಅವನನ್ನು ನೋಡುತ್ತಿಲ್ಲ ಅನ್ನುವ ಕಾರಣಕ್ಕೇ.

ಇನ್ನು ಬಾಕಿ ಇರುವ ಕೆಲಸ: ಪೈಪಿಗೆ ನಿಜವಾದ ನೀರು ಬಿಡಲು ಟಾರ್ಪಾಲಿನ ಹಿಂದೆ ಒಂದು ಡ್ರಮ್ಮು ಎತ್ತರಿಸಿ ಇಡಬೇಕು, ಸ್ಟೇಜು ಒದ್ದೆಯಾಗದ ಹಾಗೆ ನೋಡಬೇಕು. ಮಲಯಾಳಂ ಮನೆಯ ತಾಯಿಯ ಪಾತ್ರ ಮಾಡುತ್ತಿದ್ದವರಿಗೆ ದೂರದ ಊರಿಗೆ ವರ್ಗವಾಗಿದೆ, ಇನ್ನೊಬ್ಬರು ಬೇಕು. ಮುಂದಿನ ಆಟಗಳು ಮುಳ್ಳೇರಿಯ ಮತ್ತು ಕುಂಬಳೆಯಲ್ಲಿ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ ಮುಗಿಸಬೇಕು, ಆಮೇಲೆ ಮಳೆ ನಮ್ಮನ್ನು ಅಂಗಳಕ್ಕೆ ಬಿಡುವುದಿಲ್ಲ. ಪೈವಳಿಕೆಗೆ ಮಾತ್ರ ಇನ್ನೊಮ್ಮೆ ಹೋಗಿ ಹೊಸ ಕೊನೆಯನ್ನು ಆಡುತ್ತೇವೆ. ಆ ಅಕ್ಕನಿಗೆ ಹೇಳಿ ಕಳುಹಿಸಿದ್ದೇನೆ.