ಹೆಸರು ಹಾಕಿದ್ದೇ ತಪ್ಪಾಯಿತು

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರರ ಹತ್ತಿರ ಜನ ಇದ್ದೇವೆ. ಮರೆವಿನ ಕಾಯಿಲೆ ಇರುವ ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಮನೆಯಲ್ಲೇ ನೋಡಿಕೊಳ್ಳುತ್ತಿರುವವರು. ನಾನು ಅಡ್ಮಿನ್‌ಗಳಲ್ಲಿ ಒಬ್ಬಳು. ಹೋದ ವರ್ಷ ಒಂದು ರಾತ್ರಿ ಒಬ್ಬರು ತಮ್ಮ ಅತ್ತೆಯ ಬಗ್ಗೆ ಉದ್ದಕ್ಕೆ ಬರೆದರು. ಬಳೆ ಕದ್ದೆ ಅಂತ ಅತ್ತೆ ಬೈದದ್ದು, ತಾವು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು, ಒಂದು ದಿನ ತಾಳ್ಮೆ ತಪ್ಪಿ ಕೈ ಎತ್ತಿ ಹೇಗೋ ತಡೆದುಕೊಂಡದ್ದು, ಎಲ್ಲ ಇತ್ತು. ಓದಿದ ಎಷ್ಟೋ ಜನ ಆ ರಾತ್ರಿಯೇ ಉತ್ತರ ಬರೆದರು.

ಗುಂಪಿನ ಇನ್ನೊಬ್ಬರು ಅದನ್ನು ಕಾಪಿ ಮಾಡಿ ತಮ್ಮ ಅಪಾರ್ಟ್‌ಮೆಂಟ್ ಗುಂಪಿಗೆ ಹಾಕಿದರು. ಕೆಟ್ಟ ಉದ್ದೇಶ ಇರಲಿಲ್ಲ. ನಾಲ್ಕು ಜನಕ್ಕೆ ಉಪಯೋಗವಾಗಲಿ ಅಂದುಕೊಂಡರು, ಬೇರೆಯವರ ಬರಹ ಅಂತ ಕೆಳಗೆ ಹೆಸರನ್ನೂ ಹಾಕಿದರು. ಅದು ಎಲ್ಲೆಲ್ಲಿಗೋ ಹೋಗಿ ವಾರದೊಳಗೆ ಬರೆದವರ ನಾದಿನಿಯ ಫೋನಿಗೆ ಬಂತು. ಆಮೇಲೆ ಆ ಮನೆಯಲ್ಲಿ ಏನಾಯಿತು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅವರು ನಮ್ಮ ಗುಂಪು ಬಿಟ್ಟರು.

ಕವಿತೆಯ ಕೆಳಗೆ 'ಕೃಪೆ: ವಾಟ್ಸಾಪ್' ಅಂತ ಹಾಕಿ ಹಂಚುವವರನ್ನು ಕಂಡರೆ ನನಗೆ ಸಿಟ್ಟು. ಬರೆದವರ ಹೆಸರು ಹಾಕಿ ಅಂತ ಎಷ್ಟು ಸಲ ಜಗಳ ಆಡಿದ್ದೇನೋ. ಹಾಗಾಗಿ ಈ ಪ್ರಸಂಗ ನನ್ನನ್ನು ತುಂಬಾ ಕಾಡಿತು. ಕವಿತೆಗೆ ಹೆಸರು ಹಾಕದಿದ್ದರೆ ಅನ್ಯಾಯ, ಇಲ್ಲಿ ಹೆಸರು ಹಾಕಿದ್ದೇ ಅನ್ಯಾಯ. ಎರಡಕ್ಕೂ ಒಂದೇ ನಿಯಮ ಹೇಗೆ ಮಾಡುವುದು?

ಕಾನೂನು ಏನನ್ನುತ್ತೆ ಅಂತ ಓದಿದೆ. ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದ್ದು. ಎಲ್ಲೂ ನೋಂದಾಯಿಸಬೇಕಿಲ್ಲ, ಸ್ವಂತವಾಗಿ ಬರೆದ ಕ್ಷಣದಿಂದ ಹಕ್ಕು ಬರೆದವರದ್ದು, ಅವರು ತೀರಿಕೊಂಡ ಮೇಲೂ 60 ವರ್ಷ. ಗುಂಪಿಗೆ ಹಾಕಿದ ಮಾತ್ರಕ್ಕೆ ಅದು ಊರಿನ ಆಸ್ತಿ ಆಗುವುದಿಲ್ಲ. ಆದರೆ ಈ ಹಕ್ಕು ಇರುವುದು ಬರೆದ ಮಾತುಗಳ ಮೇಲೆ, ಅದರೊಳಗಿನ ವಿಷಯದ ಮೇಲಲ್ಲ. ಅದೇ ಕಥೆಯನ್ನು ಯಾರಾದರೂ ತಮ್ಮ ಮಾತಲ್ಲಿ ಹೇಳಿದ್ದರೆ ಕೃತಿಸ್ವಾಮ್ಯ ಅಡ್ಡ ಬರುತ್ತಿರಲಿಲ್ಲ, ಆ ಮನೆಗೆ ಆದ ನೋವು ಮಾತ್ರ ಅಷ್ಟೇ ಇರುತ್ತಿತ್ತು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮವರೇ. ಆದರೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಬ್ಬ ವ್ಯಕ್ತಿ ಸ್ವಂತಕ್ಕೆ ಅಥವಾ ಮನೆಮಟ್ಟಿಗೆ ಬಳಸುವ ಮಾಹಿತಿಯನ್ನು ಹೊರಗಿಡುತ್ತದೆ. ನೆಂಟರು ನೆಂಟರಿಗೆ ಕಳಿಸಿದ್ದಕ್ಕೆ ಅದರ ಹತ್ತಿರ ಹೋಗಿ ಜಾಸ್ತಿ ಪ್ರಯೋಜನ ಇಲ್ಲ.

ವಾಟ್ಸಾಪ್ ಕೂಡ ಕಾಯುವುದಿಲ್ಲ. ಎನ್‌ಕ್ರಿಪ್ಶನ್ ಇರುವುದು ಹೊರಗಿನವರು ಓದದಿರಲಿ ಅಂತ. ಒಳಗಿರುವ ಮುನ್ನೂರು ಜನರಲ್ಲಿ ಒಬ್ಬರು ಸ್ಕ್ರೀನ್‌ಶಾಟ್ ತೆಗೆದರೆ ಅದೇನು ಮಾಡುತ್ತೆ? ಕಾಪಿ ಮಾಡಿ ಅಂಟಿಸಿದರೆ 'ಫಾರ್ವರ್ಡೆಡ್' ಅನ್ನುವ ಗುರುತೂ ಇರುವುದಿಲ್ಲ. ನಾವು ನಮ್ಮ ಕಡೆ ಡಿಲೀಟ್ ಮಾಡಿದರೂ ಆ ಕಾಪಿ ಇದ್ದೇ ಇರುತ್ತೆ.

ಕೊನೆಗೆ ಗುಂಪಿನಲ್ಲಿ ಒಂದೇ ಸಾಲು ಹಾಕಿದೆವು: ಇಲ್ಲಿಂದ ಏನನ್ನೇ ಹೊರಗೆ ತಗೊಂಡು ಹೋಗುವ ಮೊದಲು ಬರೆದವರನ್ನು ಕೇಳಿ, ಹೆಸರು ಹಾಕಲಾ ಬೇಡವಾ ಅಂತಲೂ ಕೇಳಿ. ಕೆಲವರಿಗೆ ಇದು ಅತಿ ಅನ್ನಿಸಿತು. ಸುಮ್ನೆ ಒಂದು ಮೆಸೇಜಿಗೆ ಇಷ್ಟೆಲ್ಲಾನಾ ಅಂದರು. ಗುಂಪು ಬಿಟ್ಟು ಹೋದವರನ್ನು ನೆನೆಸಿಕೊಂಡರೆ ನನಗೆ ಅತಿ ಅನ್ನಿಸುವುದಿಲ್ಲ.

ಇದನ್ನು ಹಾಕುವ ಮೊದಲು ಅವರಿಗೆ ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಫೋನ್ ಮಾಡಿ, "ಊರಿನ ಹೆಸರು ತೆಗೀರಿ, ಬಳೆ ವಿಷಯ ಇರಲಿ" ಅಂದರು. ತೆಗೆದಿದ್ದೇನೆ.