ಭದ್ರಾ ಜಲಾಶಯದ ಮಟ್ಟ ಮತ್ತು ರೀವ ಹಕ್ಕಿಗಳು: ದಾಖಲೆ ಎಲ್ಲಿಗೆ ಬಂತು

ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನೀರು ಇಳಿದಂತೆ ಹಿನ್ನೀರಿನಲ್ಲಿ ನಡುಗಡ್ಡೆಗಳು ಏಳುತ್ತವೆ. ಆ ಬೋಳು ನೆಲದ ಮೇಲೆ ನದಿ ರೀವಗಳು, ಅಂದರೆ ಪ್ರವಾಸಿಗರೆಲ್ಲ ರಿವರ್ ಟರ್ನ್ ಎಂದು ಕರೆಯುವ ಹಕ್ಕಿಗಳು, ಮೊಟ್ಟೆಯಿಡುತ್ತವೆ. ಎಷ್ಟು ನೀರಿದ್ದಾಗ ಯಾವ ನಡುಗಡ್ಡೆ ತಲೆಯೆತ್ತುತ್ತದೆ, ಯಾವುದಕ್ಕೆ ಹಕ್ಕಿ ಬರುತ್ತದೆ ಎಂದು ಬರೆದಿಡುವುದೇ ನನ್ನ ಹವ್ಯಾಸ. ಈ ಬೇಸಿಗೆಯಲ್ಲಿ ಅದು ಒಂದು ಹದಕ್ಕೆ ಬಂದಿದೆ.

ಪುಸ್ತಕದ ಎಡಪುಟ ನೀರಿನದು. ದಿನಪತ್ರಿಕೆಯಲ್ಲಿ ಬರುವ ಜಲಾಶಯಗಳ ಪಟ್ಟಿಯಿಂದ ಇಂದಿನ ಮಟ್ಟ, ಒಳಹರಿವು, ಹೊರಹರಿವು, ಕಳೆದ ವರ್ಷ ಇದೇ ದಿನದ ಮಟ್ಟವನ್ನು ಇಳಿಸಿಕೊಳ್ಳುತ್ತೇನೆ. ಬಲಪುಟ ನಡುಗಡ್ಡೆಗಳದು. ದೋಣಿ ವಿಹಾರಕ್ಕೆ ಹೋದಾಗಲೆಲ್ಲ ಬೈನಾಕ್ಯುಲರ್‌ನಲ್ಲಿ ಕಂಡದ್ದನ್ನು ಪೆನ್ಸಿಲ್‌ನಲ್ಲಿ ಗೀಚುತ್ತೇನೆ. ಇದು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡ ಹಿನ್ನೀರು; ನಡುಗಡ್ಡೆಗೆ ಕಾಲಿಡುವ ಪ್ರಶ್ನೆಯೇ ಇಲ್ಲ, ಇಡಲೂಬಾರದು.

ಡಿಸೆಂಬರ್

ಬರೆಯಲು ಹೆಚ್ಚೇನೂ ಇಲ್ಲ. ನೀರಿನಿಂದ ಹೊರಗಿದ್ದವು ಒಣಮರದ ತುದಿಗಳು, ಅವುಗಳ ಮೇಲೆ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಗಳು.

ಜನವರಿ–ಫೆಬ್ರುವರಿ

ಬೇಸಿಗೆ ಬೆಳೆಗೆ ನಾಲೆಗಳಿಗೆ ನೀರು ಬಿಟ್ಟ ಮೇಲೆ ಎಡಪುಟಕ್ಕೆ ಜೀವ ಬಂತು. ಈ ಜಲಾಶಯದ ಗರಿಷ್ಠ ಮಟ್ಟ 186 ಅಡಿ, ಸಾಮರ್ಥ್ಯ ಸುಮಾರು 71.5 ಟಿಎಂಸಿ. ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರ್‌ಗೂ ಮಿಗಿಲು. ಅದರಲ್ಲಿ ದಾವಣಗೆರೆ ಕಡೆಯ ಭತ್ತದ ಗದ್ದೆಗಳದೇ ದೊಡ್ಡ ಪಾಲು. ತೋಟ, ಗದ್ದೆ, ಪಟ್ಟಣಗಳ ಕುಡಿಯುವ ನೀರು ಎಲ್ಲವೂ ಇದೇ ಲೆಕ್ಕದಲ್ಲಿ ಹೋಗಬೇಕು. ನಾಲೆಯ ಕೊನೆಯ ಭಾಗದ ರೈತ ಬೆಳಿಗ್ಗೆ ಎದ್ದು ಯಾವ ಅಂಕಿಯನ್ನು ನೋಡುತ್ತಾನೋ ಅದೇ ಅಂಕಿಯ ಮೇಲೆ ಈ ಹಕ್ಕಿಯ ಸಂಸಾರವೂ ನಿಂತಿದೆ. ಈ ದಾಖಲೆಯಿಂದ ನನಗೆ ಖಚಿತವಾದ ಮೊದಲ ಸಂಗತಿ ಇದು.

ಮಾರ್ಚ್

ಅತಿ ಹೆಚ್ಚು ಪುಟಗಳು ತುಂಬಿದ್ದು ಈ ತಿಂಗಳಲ್ಲಿ. ದೊಡ್ಡ ನಡುಗಡ್ಡೆಯ ತುಂಬ ಹಕ್ಕಿಗಳು: ಹಳದಿ ಕೊಕ್ಕು, ಕಪ್ಪು ಟೋಪಿ, ಬೂದು ಮೈ, ಕವಲೊಡೆದ ಬಾಲ. ಗೂಡು ಎಂದರೆ ಜಲ್ಲಿ ನೆಲದಲ್ಲಿ ಎದೆಯಿಂದ ಉಜ್ಜಿ ಮಾಡಿದ ಸಣ್ಣ ಕುಳಿ, ಅಷ್ಟೆ. ಕಡ್ಡಿಯಿಲ್ಲ, ಹುಲ್ಲಿಲ್ಲ. ಅದರಲ್ಲಿ ಎರಡೋ ಮೂರೋ ಮೊಟ್ಟೆ. ಕಂದು ಮಚ್ಚೆಗಳಿಂದಾಗಿ ಕಲ್ಲಿನ ನಡುವೆ ಕಲ್ಲಾಗಿಯೇ ಕಾಣುತ್ತವೆ.

ಅಂಚಿನ ಒಂದು ಜೋಡಿಯನ್ನು ಬಿಡದೆ ನೋಡಿದೆ. ಬಿಸಿಲು ನೆತ್ತಿಗೇರಿದಾಗ ಕಾವು ಕೂತಿದ್ದ ಹಕ್ಕಿ ಎದ್ದು ನೀರಿನ ಮೇಲೆ ತಗ್ಗಿ ಹಾರಿತು, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಮರಳಿ ಬಂದು ಮೊಟ್ಟೆಯ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಆ ಬಿಸಿಲಿನಲ್ಲಿ ಅದು ಮಾಡುತ್ತಿದ್ದದ್ದು ಕಾವು ಕೊಡುವ ಕೆಲಸವಲ್ಲ, ಮೊಟ್ಟೆ ಬೇಯದಂತೆ ಕಾಯುವ ಕೆಲಸ. ಆದ್ದರಿಂದಲೇ ಫೋಟೊಗಾಗಿ ದೋಣಿಯನ್ನು ಇನ್ನಷ್ಟು ಹತ್ತಿರ ಒಯ್ಯಿರೆಂದು ಪೀಡಿಸುವವರನ್ನು ಕಂಡರೆ ನನಗೆ ನೋವಾಗುತ್ತದೆ. ಹಿಂಡು ಗಾಬರಿಯಿಂದ ಮೇಲೆದ್ದು ಕೂಗುತ್ತ ಸುತ್ತುವ ಅಷ್ಟೂ ಹೊತ್ತು ಮೊಟ್ಟೆಗಳು ಬಿಸಿಲಿಗೆ ಬಿದ್ದಿರುತ್ತವೆ. ಜಗತ್ತಿನ ಅಳಿವಿನಂಚಿನ ಪಟ್ಟಿಯಲ್ಲಿ ಈ ಹಕ್ಕಿ ಅಪಾಯಕ್ಕೆ ಸಿಲುಕಬಲ್ಲ ಪ್ರಭೇದಗಳ ಸಾಲಿನಲ್ಲಿದೆ. ಗೂಡಿನ ಕಾಲದಲ್ಲಿ ದೂರದಿಂದಲೇ ದೋಣಿ ತಿರುಗಿಸುವ ಚಾಲಕರೂ ಇದ್ದಾರೆ. ಅವರಿಗೆ ನಾನು ಋಣಿ.

ಏಪ್ರಿಲ್–ಮೇ

ನೀರು ಇಳಿದಷ್ಟೂ ಹಕ್ಕಿಗೆ ಒಳ್ಳೆಯದು ಎನ್ನಲಾಗದು. ಮಟ್ಟ ತೀರ ಕುಸಿದಾಗ ದಡದ ಹತ್ತಿರದ ಒಂದು ಗಡ್ಡೆ ನೆಲಕ್ಕೆ ಕೂಡಿಕೊಂಡಿತು. ಸುತ್ತಲ ನೀರೇ ಅದಕ್ಕಿದ್ದ ಬೇಲಿ. ಅದು ಹೋದ ಮೇಲೆ ನರಿ, ನಾಯಿ ಯಾವುದು ಬೇಕಾದರೂ ನಡೆದು ಬರಬಹುದು. ಆ ಗಡ್ಡೆಯಲ್ಲಿ ಕೊನೆಗೆ ಒಂದು ಹಕ್ಕಿಯೂ ಉಳಿಯಲಿಲ್ಲ. ನಡುವಿನ ದೊಡ್ಡ ಗಡ್ಡೆಯಲ್ಲಿ ಮರಿಗಳು ಓಡಾಡಿಕೊಂಡಿದ್ದವು. ಇನ್ನೊಂದು ಭಯ ಮಳೆಯದು. ಮುಂಗಾರು ಬೇಗ ಬಿದ್ದು ಒಳಹರಿವು ಏರಿದರೆ ತಡವಾಗಿ ಇಟ್ಟ ಮೊಟ್ಟೆಗಳು ಮುಳುಗುತ್ತವೆ.

ಮುಂದಿನ ಕೆಲಸ

2023ರ ಬರದಲ್ಲಿ ಜಲಾಶಯ ತುಂಬಲೇ ಇಲ್ಲ. ಆ ವರ್ಷದ ಮತ್ತು ಅದರ ಮರುವರ್ಷದ ಮಟ್ಟಗಳನ್ನು ಗ್ರಂಥಾಲಯದ ಹಳೆಯ ಪತ್ರಿಕೆಗಳಿಂದ ಎತ್ತಿ ಎಡಪುಟಗಳನ್ನು ಹಿಂದಕ್ಕೂ ತುಂಬಬೇಕು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಈ ಜಲಾಶಯದಿಂದ ಬಯಲುಸೀಮೆಗೆ ಹಂಚಿಕೆಯಾಗಿರುವ ನೀರು 29.9 ಟಿಎಂಸಿ, ಅದರಲ್ಲಿ 17.4 ಟಿಎಂಸಿ ತುಂಗೆಯಿಂದ ಇಲ್ಲಿಗೆ ಎತ್ತಿ ತರಬೇಕಾದದ್ದು. ಚಿತ್ರದುರ್ಗದ ಬಾಯಾರಿಕೆ ದೊಡ್ಡದು, ಆ ನೀರು ಹೋಗಲೇಬೇಕು. ಹಾಗೆ ಹೋದಾಗ ಫೆಬ್ರುವರಿಯಿಂದ ಮೇವರೆಗಿನ ಮಟ್ಟ ಹೇಗೆ ಬದಲಾಗುತ್ತದೆ ಎಂದು ಹೋಲಿಸಿ ನೋಡಲು ಈಗಿನ ಅಂಕಿಗಳು ಕೈಯಲ್ಲಿರಬೇಕು. ಯಾವ ಅಡಿಯಲ್ಲಿ ಯಾವ ಗಡ್ಡೆ ಕಾಣಿಸುತ್ತದೆ, ಯಾವ ಅಡಿಯಲ್ಲಿ ದಡಕ್ಕೆ ಸೇರುತ್ತದೆ ಎಂಬ ಒಂದು ಪುಟದ ಕೋಷ್ಟಕವನ್ನು ಮಳೆಗಾಲ ಮುಗಿಯುವುದರೊಳಗೆ ಸಿದ್ಧಪಡಿಸಿ, ಒಂದು ಪ್ರತಿಯನ್ನು ಲಕ್ಕವಳ್ಳಿಯ ಅರಣ್ಯ ಕಚೇರಿಗೆ, ಇನ್ನೊಂದನ್ನು ದೋಣಿ ನಡೆಸುವವರಿಗೆ ಕೊಡುತ್ತೇನೆ.